ರಜೆಗೆ ಬಂದ ಯೋಧನಿಗೆ ಊರ ತಂಡದಲ್ಲಿ ಜಾಗವಿದೆಯೇ? ರಾಂಪುರದ ಮೈದಾನದಿಂದ ಒಂದು ನೋಟ

2025ರ ಜೂನ್ ತಿಂಗಳಲ್ಲಿ ಮುಂಬಯಿಯ ಅಂಧೇರಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಎಂಬ ಹೊಸ ಪಂದ್ಯಾಟ ನಡೆಯಿತು. ಆರು ತಂಡಗಳಲ್ಲಿ ಬೆಂಗಳೂರಿನ ಹೆಸರಿನದೂ ಒಂದಿತ್ತು, ಗೆದ್ದದ್ದು ಚೆನ್ನೈ. ಅದೇ ವರ್ಷ ಆಗಸ್ಟಿನಲ್ಲಿ ಬಿಹಾರದ ರಾಜಗೀರ್‌ನಲ್ಲಿ ಇಪ್ಪತ್ತು ವರ್ಷದೊಳಗಿನವರ ಏಷ್ಯಾ ಸೆವೆನ್ಸ್ ರಗ್ಬಿ ಜರಗಿತು. ರಗ್ಬಿಯೆಂದರೆ ಇಂಗ್ಲಿಷರ ಆಟ, ಕಲ್ಕತ್ತಾ, ಬೊಂಬಾಯಿಗಳ ಕ್ಲಬ್ಬಿನವರ ಆಟ ಎಂದು ತಿಳಿದಿದ್ದ ನಮ್ಮಂಥವರಿಗೆ ರಾಜಗೀರ್ ಎಂಬ ಹೆಸರೇ ಆಶ್ಚರ್ಯ ತಂದಿತು. ಇಂದು ಭಾರತದ ರಗ್ಬಿ ತಂಡಗಳಿಗೆ ಆಟಗಾರರನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು, ಕಳುಹಿಸುತ್ತಿರುವುದು ಒಡಿಶಾ, ಬಿಹಾರ, ಉತ್ತರ ಬಂಗಾಳದ ಹಳ್ಳಿಗಳು ಎಂಬುದು ಗಮನಾರ್ಹ.

ಇದು ಒಂದು ಸುದ್ದಿ. ಇನ್ನೊಂದು ಸುದ್ದಿ ಕ್ರೀಡಾಪುಟದ್ದಲ್ಲ. 2022ರ ಜೂನ್ 14ರಂದು ಕೇಂದ್ರ ಸರ್ಕಾರ ಅಗ್ನಿಪಥ ಯೋಜನೆಯನ್ನು ಘೋಷಿಸಿತು. ಸೇನೆಗೆ ಸೇರುವ ಯುವಕರಿಗೆ ನಾಲ್ಕು ವರ್ಷದ ಸೇವೆ. ಅವರಲ್ಲಿ ಶೇಕಡಾ 25ರಷ್ಟು ಮಂದಿಗೆ ಮಾತ್ರ ಮುಂದುವರಿಯುವ ಅವಕಾಶ. ಉಳಿದವರು ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿಯೊಂದಿಗೆ ಊರಿಗೆ ವಾಪಸು. ಇದು ಘೋಷಣೆಯ ದಿನದ ಲೆಕ್ಕ. ಭೂಸೇನೆಯ ಮೊದಲ ತಂಡದ ತರಬೇತಿ 2023ರ ಜನವರಿಯಲ್ಲಿ ಆರಂಭವಾದ್ದರಿಂದ, ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆ ಮತ್ತು 2027ರ ಆರಂಭದ ಹೊತ್ತಿಗೆ. ಹಿಂದೆ ಮಿಲಿಟರಿಯಿಂದ ನಿವೃತ್ತನಾಗಿ ಬರುವವನು ನಲವತ್ತರ ಆಸುಪಾಸಿನವನು. ಪಿಂಚಣಿಯಿದೆ, ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಮೊಣಕಾಲು ನೋಯಲಾರಂಭಿಸಿದೆ. ಈಗ ಬರುವವನು ಇಪ್ಪತ್ತೆರಡು, ಇಪ್ಪತ್ತನಾಲ್ಕರ ಹುಡುಗ. ಮೈಯಲ್ಲಿ ಕಸುವಿದೆ, ಬೆಳಿಗ್ಗೆ ಐದಕ್ಕೆ ಏಳುವ ಅಭ್ಯಾಸವಿದೆ, ಪಿಂಚಣಿಯಿಲ್ಲ, ಮುಂದೇನು ಎಂಬುದು ತಿಳಿಯದು. ಈತ ಸಂಜೆ ಹೊತ್ತು ಎಲ್ಲಿಗೆ ಹೋಗುತ್ತಾನೆ? ಈ ಪ್ರಶ್ನೆಯೇ ನಮ್ಮನ್ನು ಈ ಲೇಖನಕ್ಕೆ ತಂದದ್ದು.

ಕರಾವಳಿಯ ನಮ್ಮ ಓದುಗರಿಗೆ ರಾಂಪುರದ ಪರಿಚಯ ಕಡಿಮೆಯಿರಬಹುದು. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಊರು. ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಮೊಳಕಾಲ್ಮೂರು ಎಂದರೆ ರೇಷ್ಮೆ ಸೀರೆ, ಅಶೋಕನ ಬ್ರಹ್ಮಗಿರಿ ಶಾಸನ ಎಂದು ಶಾಲೆಯಲ್ಲಿ ಓದಿದ್ದು ನೆನಪಿರಬಹುದು. ಆದರೆ ಬಸ್ಸಿನ ಕಿಟಕಿಯಿಂದ ಕಾಣುವುದು ಶೇಂಗಾ ಹೊಲ, ಜಾಲಿ, ಬಂಡೆಗುಡ್ಡ, ಕುರಿಮಂದೆ. ಮಳೆ ಕೈಕೊಟ್ಟ ವರ್ಷ ಜನ ಬೆಂಗಳೂರಿಗೆ ಗುಳೆ ಹೋಗುವ ಸೀಮೆಯಿದು. ಇಂಥ ಕಡೆ ಓದಿದ ಹುಡುಗನ ಮುಂದೆ ಎರಡು ಮೂರು ದಾರಿಗಳು ಮಾತ್ರ ಕಾಣುತ್ತವೆ, ಅದರಲ್ಲಿ ಪೊಲೀಸ್ ಮತ್ತು ಮಿಲಿಟರಿ ಸೇರಿವೆ. ನಸುಕಿನಲ್ಲಿ ಹೆದ್ದಾರಿಯ ಬದಿ ಓಡುವ ಹುಡುಗರು ಆರೋಗ್ಯಕ್ಕಾಗಿ ಓಡುವವರಲ್ಲ, 1,600 ಮೀಟರಿನ ಓಟ ಪಾಸಾಗಲು ಓಡುವವರು.

ಈ ಸೀಮೆಗೂ ಸೈನ್ಯಕ್ಕೂ ನಂಟು ಹಳೆಯದು. ಚಳ್ಳಕೆರೆ ಸುತ್ತಿನ ಅಮೃತ ಮಹಲ್ ಕಾವಲುಗಳು ಮೂಲದಲ್ಲಿ ಮೈಸೂರು ಸಂಸ್ಥಾನದ ದನಗಳ ಹುಲ್ಲುಗಾವಲುಗಳು. ಒಡೆಯರ ಕಾಲದ ಬೆಣ್ಣೆ ಚಾವಡಿಯನ್ನು ಟಿಪ್ಪು ಅಮೃತ ಮಹಲ್ ಎಂದು ಕರೆದ; ಸೈನ್ಯದ ತೋಪು, ಸಾಮಾನು ಎಳೆದದ್ದು ಇಲ್ಲಿ ಮೇಯ್ದ ಎತ್ತುಗಳು. ಈ ಕಾವಲುಗಳಲ್ಲಿ ಸಾವಿರಾರು ಎಕರೆ ಈಗ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳ ಕೈಗೆ ಹೋಗಿದೆ. ರಕ್ಷಣಾ ಸಂಶೋಧನೆಗೇ 4,290 ಎಕರೆ. ಅಲ್ಲಿನ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಮೇಲಿಂದ ಬಿಟ್ಟ ಇಸ್ರೋದ ಮರುಬಳಕೆ ವಾಹನ ಅಲ್ಲಿಯೇ ತಾನಾಗಿ ಇಳಿಯಿತು. ದೇಶಕ್ಕೆ ಹೆಮ್ಮೆಯ ಸಂಗತಿ, ಸಂದೇಹವಿಲ್ಲ. ಆದರೆ ಕುರಿ ಮೇಯಿಸುವವರಿಗೆ ಎದುರಾದದ್ದು ಗೋಡೆ. ಹುಲ್ಲುಗಾವಲು ಮುಚ್ಚಿದ್ದರ ಬಗ್ಗೆ ಅವರ ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಗೋಡೆಯ ಒಳಗಿನವರೂ ಹೊರಗಿನವರೂ ಮುಖಾಮುಖಿಯಾಗುವ ಸಂದರ್ಭ ಅಪರೂಪ. 2019ರ ಸೆಪ್ಟೆಂಬರಿನಲ್ಲಿ ಜಿಲ್ಲೆಯ ಜೋಡಿಚಿಕ್ಕೇನಹಳ್ಳಿಯ ತೋಟದಲ್ಲಿ ಪರೀಕ್ಷಾ ಹಾರಾಟದ ರುಸ್ತುಂ-2 ಬಿದ್ದಾಗ ಜನ ಓಡಿಹೋಗಿ ನೋಡಿದರಲ್ಲ, ಹಾಗೆ ಏನಾದರೂ ಮುಗಿಲಿನಿಂದ ಬಿದ್ದಾಗ ಮಾತ್ರ ಪರಿಚಯವಾಗುವುದು ಒಳ್ಳೆಯ ನೆರೆಹೊರೆಯ ಲಕ್ಷಣವಲ್ಲ.

ಈಗ ರಗ್ಬಿಗೆ ಬರೋಣ. ರಾಂಪುರಕ್ಕೂ ರಗ್ಬಿಗೂ ಎತ್ತಣಿಂದೆತ್ತ ಸಂಬಂಧ ಎಂದು ಕೇಳುವವರಿದ್ದಾರೆ; ನಮ್ಮ ಕಚೇರಿಯಲ್ಲೇ ಕೇಳಿದರು. ರಾಂಪುರದಲ್ಲಿ ಆಟವೆಂದರೆ ಕಬಡ್ಡಿ, ವಾಲಿಬಾಲ್, ಕ್ರಿಕೆಟ್. ಇವುಗಳಿಗೇ ಸರಿಯಾದ ವ್ಯವಸ್ಥೆಯಿಲ್ಲದಿರುವಾಗ ಮೊಟ್ಟೆಯಾಕಾರದ ಚೆಂಡು ಏಕೆ?

ಒಂದು ಕಾರಣವನ್ನು ನೇರವಾಗಿಯೇ ಹೇಳುತ್ತೇವೆ. ಹಳೆಯ ಆಟಗಳಲ್ಲಿ ತಂಡಗಳು ಕೇರಿಗೊಂದರಂತೆ ಕಟ್ಟಿಕೊಂಡಿರುತ್ತವೆ. ಯಾವ ಕೇರಿಯ ಹುಡುಗ ಯಾವ ತಂಡಕ್ಕೆ ಎಂಬುದು ಆಟ ಆರಂಭವಾಗುವ ಮೊದಲೇ ತೀರ್ಮಾನವಾಗಿರುತ್ತದೆ. ಇದು ಬಯಲುಸೀಮೆಯ ದೋಷ ಮಾತ್ರವೇನಲ್ಲ, ನಮ್ಮ ಕರಾವಳಿಯ ಹೊನಲು ಬೆಳಕಿನ ಪಂದ್ಯಾಟಗಳ ಪ್ರಾಯೋಜಕರ ಪಟ್ಟಿ ಓದಿದರೆ ಸಾಕು. ಹೊಸ ಆಟಕ್ಕೆ ಇಂಥ ಹಳೆಯ ವಾರಸುದಾರರಿಲ್ಲ. ಎಲ್ಲರೂ ಒಂದೇ ದಿನ, ಒಂದೇ ಅಜ್ಞಾನದಿಂದ ಆರಂಭಿಸುತ್ತಾರೆ. ಹುಡುಗಿಯರೂ ಸಹ. ಇನ್ನೊಂದು ಕಾರಣ, ಈ ಆಟ ಬಲ್ಲವರು ಭೂಸೇನೆಯಲ್ಲಿ ಸಾಕಷ್ಟು ಇದ್ದಾರೆ. ರಾಷ್ಟ್ರಮಟ್ಟದ ರಗ್ಬಿಯಲ್ಲಿ ಸೇನಾ ತಂಡಗಳು ಹಲವು ವರ್ಷಗಳಿಂದ ಎದ್ದು ಕಾಣುತ್ತಿವೆ. ಅಂದರೆ ಕಲಿಸಬಲ್ಲವನು ಪರದೇಶದಿಂದ ಬರಬೇಕಿಲ್ಲ, ರಜೆಗೆ ಮನೆಗೆ ಬಂದವನೇ ಆಗಿರಬಹುದು.

ಆಟದ ನಿಯಮ ಕೇಳಿದರೆ ಕಷ್ಟವೆನಿಸಿದರೂ ಮೂಲ ಸರಳ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು, ಆದರೆ ಕೈಯಿಂದ ಎಸೆಯುವುದಾದರೆ ಹಿಂದಕ್ಕೇ ಎಸೆಯಬೇಕು, ಮುಂದಕ್ಕಲ್ಲ. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಟ್ರೈ, 5 ಅಂಕ. ಹದಿನೈದು ಮಂದಿಯ ಆಟ ದೊಡ್ಡದು. ಊರಿಗೆ ಹೊಂದುವುದು ಏಳು ಮಂದಿಯ ಸೆವೆನ್ಸ್. ಏಳೇಳು ನಿಮಿಷದ ಎರಡು ಅವಧಿ, ಹದಿನೈದು ಇಪ್ಪತ್ತು ನಿಮಿಷದಲ್ಲಿ ಪಂದ್ಯ ಮುಗಿಯುತ್ತದೆ. ಎಂಟು ತಂಡ ಬಂದರೂ ಒಂದೇ ದಿನದಲ್ಲಿ ಪಂದ್ಯಾಟ ಮುಗಿಸಿ ಕೊನೆಯ ಬಸ್ಸಿಗೆ ಎಲ್ಲರನ್ನೂ ಕಳುಹಿಸಬಹುದು. 2016ರಿಂದ ಒಲಿಂಪಿಕ್ಸಿನಲ್ಲಿರುವುದೂ 2022ರ ಗುಜರಾತ್ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಆಡಿಸಿದ್ದೂ ಈ ಏಳು ಮಂದಿಯ ಆಟವನ್ನೇ. ಸರ್ಕಾರಿ ನೌಕರಿಯ ಕ್ರೀಡಾ ಮೀಸಲಾತಿಯ ಮೇಲೆ ಕಣ್ಣಿಟ್ಟ ಹುಡುಗರಿಗೆ ಇದು ಸಣ್ಣ ವಿಷಯವಲ್ಲ.

ಹಳ್ಳಿಯಲ್ಲಿ ಇದೆಲ್ಲ ಆಗುವ ಮಾತೇ ಎನ್ನುವವರಿಗೆ ಸರಸ್ವತಿಪುರದ ಕತೆ ಉತ್ತರ ಹೇಳುತ್ತದೆ. ಉತ್ತರ ಬಂಗಾಳದ ಜಲ್ಪಾಯ್‌ಗುರಿ ಜಿಲ್ಲೆಯಲ್ಲಿ, ಸಿಲಿಗುರಿಯ ಹತ್ತಿರ, ಕಾಡಿನ ಅಂಚಿನ ಚಹಾ ತೋಟವದು. 2013ರಲ್ಲಿ ಅಲ್ಲಿನ ಚರ್ಚಿನ ಧರ್ಮಗುರುವೊಬ್ಬರ ಆಸಕ್ತಿಯಿಂದ ಕಲ್ಕತ್ತೆಯ ಜಂಗಲ್ ಕ್ರೋಸ್ ಕ್ಲಬ್ಬಿನವರು ಬಂದು ರಗ್ಬಿ ಕಲಿಸಿದರು. ತೋಟದ ಕೂಲಿಕಾರರ ಹೆಣ್ಣುಮಕ್ಕಳು ಬರಿಗಾಲಲ್ಲಿ ಆಡಿದರು. ಕೆಲವೇ ವರ್ಷಗಳಲ್ಲಿ ಅವರಲ್ಲಿ ಕೆಲವರು ರಾಷ್ಟ್ರೀಯ ತಂಡ ಸೇರಿದರು. ಸಂಧ್ಯಾ ರಾಯ್ ಎಂಬ ಹೆಸರು ಈಗ ರಗ್ಬಿ ವಲಯದಲ್ಲಿ ಪರಿಚಿತ. 2019ರ ಜೂನಿನಲ್ಲಿ ಭಾರತದ ಮಹಿಳೆಯರು ಸಿಂಗಾಪುರವನ್ನು 21–19ರಿಂದ ಸೋಲಿಸಿ ಹದಿನೈದು ಮಂದಿಯ ಆಟದಲ್ಲಿ ಮೊದಲ ಅಂತರರಾಷ್ಟ್ರೀಯ ಜಯ ಪಡೆದರು. ನಮ್ಮ ಚರ್ಚ್ ಕಾರ್ಯಕರ್ತರು ಗಮನಿಸಬೇಕಾದ ಅಂಶವೆಂದರೆ, ಆ ಧರ್ಮಗುರು ಕೋಚ್ ಆಗಲಿಲ್ಲ, ಕಲಿಸಬಲ್ಲವರನ್ನು ಕರೆಸಿದರು.

ಹಾಗಾದರೆ ಮಿಲಿಟರಿ ಆಟಗಾರರನ್ನು ಊರ ಕ್ಲಬ್ಬಿಗೆ ಸೇರಿಸಿಕೊಂಡುಬಿಟ್ಟರೆ ಮುಗಿಯಿತೇ? ಇಲ್ಲಿ ಅವಸರ ಮಾಡಬಾರದು. ಈ ವಿಷಯದಲ್ಲಿ ನಮ್ಮ ದೇಶದಲ್ಲೇ ನಡೆದ, ರಗ್ಬಿಯದೇ ಆದ ಒಂದು ಹಳೆಯ ಪಾಠವಿದೆ.

1872ರ ಕ್ರಿಸ್ಮಸ್ ದಿನ ಕಲ್ಕತ್ತೆಯಲ್ಲಿ ಇಂಗ್ಲೆಂಡಿನವರು ಒಂದು ಕಡೆ, ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸಿನವರು ಇನ್ನೊಂದು ಕಡೆ ಸೇರಿ ರಗ್ಬಿ ಆಡಿದರು. ಆ ಉತ್ಸಾಹದಲ್ಲಿ 1873ರ ಜನವರಿಯಲ್ಲಿ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಹುಟ್ಟಿತು. ಸದಸ್ಯರು ನೂರು ದಾಟಿದರು. ಐದು ವರ್ಷದಲ್ಲಿ ಕ್ಲಬ್ ಮುಚ್ಚಿತು. ಬೇಸಿಗೆಯ ಸೆಕೆ, ಪೋಲೋ ಮತ್ತು ಟೆನ್ನಿಸಿನ ಆಕರ್ಷಣೆ ಎಂದೆಲ್ಲ ಕಾರಣ ಹೇಳುತ್ತಾರೆ. ಉಚಿತ ಮದ್ಯ ನಿಲ್ಲಿಸಿದ್ದೂ ಒಂದು ಕಾರಣ ಎನ್ನುವವರಿದ್ದಾರೆ. ಆದರೆ ಮುಖ್ಯ ಪೆಟ್ಟು, ಅಲ್ಲಿ ಬೀಡುಬಿಟ್ಟಿದ್ದ ಸೈನ್ಯದ ರೆಜಿಮೆಂಟು ಬೇರೆಡೆಗೆ ವರ್ಗವಾದದ್ದು. ಆಟಗಾರರೇ ಊರು ಬಿಟ್ಟು ಹೋದರು. 1878ರಲ್ಲಿ ಉಳಿದ ಸದಸ್ಯರು ಬ್ಯಾಂಕಿನಲ್ಲಿದ್ದ ಹಣವನ್ನು ಬೆಳ್ಳಿ ರೂಪಾಯಿಗಳಲ್ಲಿ ಪಡೆದು, ಕರಗಿಸಿ, ಕಪ್ ಮಾಡಿಸಿ ಇಂಗ್ಲೆಂಡಿಗೆ ಕಳುಹಿಸಿದರು. ಮೂರು ನಾಗರಹಾವಿನ ಹಿಡಿಕೆ, ಮುಚ್ಚಳದ ಮೇಲೊಂದು ಆನೆ. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಆಡುವುದು ಈ ಕಲ್ಕತ್ತಾ ಕಪ್ಪಿಗಾಗಿಯೇ. ಕಪ್ ಉಳಿಯಿತು, ಅದನ್ನು ಮಾಡಿಸಿದ ಕ್ಲಬ್ ಮುಚ್ಚಿಹೋಯಿತು.

ಆದ್ದರಿಂದ ನಮ್ಮ ವಾದ ಇಷ್ಟು: ಸೈನಿಕನನ್ನು ಕ್ಲಬ್ಬಿನ ಕಂಬ ಮಾಡಬೇಡಿ, ಸದಸ್ಯನನ್ನಾಗಿ ಮಾಡಿ. ಅವನ ವರ್ಗಾವಣೆಯ ಆದೇಶ ಬಂದ ಮರುದಿನವೂ ಸಂಜೆ ಐದಕ್ಕೆ ಅಭ್ಯಾಸ ನಡೆಯುವಂತಿರಬೇಕು.

ಇದಕ್ಕೆ ವಿರುದ್ಧವಾದ ಪದ್ಧತಿಯೇ ಇಂದು ಹೆಚ್ಚು. ನಮ್ಮ ಕಡೆಯ ವಾಲಿಬಾಲ್, ಕಬಡ್ಡಿಗಳಲ್ಲಿ "ಅತಿಥಿ ಆಟಗಾರ" ಎಂಬ ಗೌರವದ ಹೆಸರೊಂದು ಬಳಕೆಯಲ್ಲಿದೆ. ಅರ್ಥ, ದುಡ್ಡು ಕೊಟ್ಟು ಒಂದು ರಾತ್ರಿಗೆ ಕರೆತಂದವನು. ಹಲವು ವರ್ಷಗಳ ಹಿಂದೆ ನಾವು ಸಂಘಟಕರಾಗಿ ನಿಂತಿದ್ದ ಒಂದು ವಾಲಿಬಾಲ್ ಪಂದ್ಯಾಟದಲ್ಲಿ ಒಂದು ತಂಡ ಮಿಲಿಟರಿಯ ಮೂವರನ್ನು ಕರೆತಂದಿತು. ಅವರು ಸಭ್ಯರು, ಅದ್ಭುತ ಆಟಗಾರರು, ಕಪ್ಪನ್ನೂ ಗೆದ್ದರು. ಆದರೆ ಆ ತಂಡಕ್ಕಾಗಿ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ ಮೂವರು ಹುಡುಗರು ಜೆರ್ಸಿ ತೊಟ್ಟುಕೊಂಡು ಬದಿಯಲ್ಲಿ ಕುಳಿತಿದ್ದರು. ಅದೇ ಪಂದ್ಯಾಟದಲ್ಲಿ ಅದೇ ಊರಿನ, ರಜೆಯಲ್ಲಿ ಮನೆಗೆ ಬಂದಿದ್ದ ಯೋಧನೊಬ್ಬ ಸಾಮಾನ್ಯ ತಂಡವೊಂದಕ್ಕೆ ಆಡಲು ಬಂದಾಗ ಎದುರಾಳಿಗಳು ತಕರಾರು ತೆಗೆದರು, ಅವನು ವೃತ್ತಿಪರ, ಆಡಿಸಕೂಡದು ಎಂದು. ನಾವು ತಕರಾರನ್ನು ಎತ್ತಿಹಿಡಿದೆವು. ನಿಯಮ ಹಾಗೆ ಬರೆದಿತ್ತು, ಬರೆದವರೂ ನಾವೇ. ದುಡ್ಡಿಗೆ ಬಂದ ಹೊರಗಿನವರು ಆಡಿದರು, ಅದೇ ಅಂಗಳದಲ್ಲಿ ಆಡಿ ಬೆಳೆದವನು ಕಂಬಕ್ಕೊರಗಿ ನೋಡಿದ. ಆ ತೀರ್ಮಾನ ತಪ್ಪೆಂದು ಈಗಲೂ ಅನಿಸುತ್ತದೆ.

ಕೆಲವು ಕಡೆ ಸ್ವಾಗತವೇನೋ ಜೋರಾಗಿಯೇ ಇರುತ್ತದೆ, ಆದರೆ ಅದು ಅವನ ಆಟಕ್ಕಲ್ಲ, ಮಿಲಿಟರಿ ಕ್ಯಾಂಟೀನಿನಿಂದ ಅವನು ತರುವ ಎರಡು ಬಾಟಲಿಗೆ. ಇದನ್ನು ನಗೆಯ ಮಾತೆಂದು ತಳ್ಳಿಹಾಕಬಾರದು. ಕಲ್ಕತ್ತೆಯವರ ಉಚಿತ ಮದ್ಯದ ಕತೆ ನೆನಪಿರಲಿ. ರಜೆಗೆ ಬಂದವನೊಡನೆ ಊರ ಹುಡುಗರು ಯಾವ ಕಾರಣಕ್ಕೆ ಸೇರುತ್ತಾರೆ ಎಂಬುದರ ಮೇಲೆ ಆ ಒಂದು ತಿಂಗಳು ಊರಿಗೆ ಲಾಭವೋ ನಷ್ಟವೋ ತಿಳಿಯುತ್ತದೆ.

ಯೋಧರೂ ಊರವರೂ ಕೂಡಿ ಆಡುವುದಕ್ಕೆ ಕರ್ನಾಟಕದಲ್ಲಿ ಉತ್ತಮ ಮಾದರಿಗಳಿವೆ. ಬೆಂಗಳೂರಿನ ಫುಟ್‌ಬಾಲ್ ಲೀಗಿನಲ್ಲಿ ಎಂಇಜಿ, ಎಎಸ್‌ಸಿ ಮುಂತಾದ ಸೇನಾ ಕೇಂದ್ರಗಳ ತಂಡಗಳು ನಾಗರಿಕ ಕ್ಲಬ್ಬುಗಳೊಡನೆ ಬಹುಕಾಲದಿಂದ ಆಡುತ್ತ ಬಂದಿವೆ. ದಂಡು ಪ್ರದೇಶದ ಹುಡುಗರು ಗೋರಾ ಸಿಪಾಯಿಗಳ ಆಟ ನೋಡಿ ಕಲಿತು, ಕೊನೆಗೆ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಬ್ರಿಟಿಷ್ ಸೇನಾ ತಂಡಗಳದ್ದೇ ಕಾರುಬಾರಾಗಿದ್ದ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವದು. ಮುಂದಿನ ವರ್ಷವೂ ಕಪ್ ಬೆಂಗಳೂರಿಗೇ ಬಂತು.

ಇನ್ನು ಕೊಡಗು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬ ತಂಡಗಳೊಡನೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ 2024ರ ಕುಂಡ್ಯೋಳಂಡ ಕಪ್ಪಿನ ಹೊತ್ತಿಗೆ 360 ತಂಡಗಳಿಗೆ ಬೆಳೆದು ಗಿನ್ನೆಸ್ ದಾಖಲೆ ಸೇರಿತು. ಅಲ್ಲಿ ಒಂದೇ ಒಕ್ಕದ ಅಜ್ಜ, ಮೊಮ್ಮಗಳು, ರಜೆ ಹಾಕಿ ಬಂದ ಸುಬೇದಾರ, ಬೆಂಗಳೂರಿನ ಇಂಜಿನಿಯರ್ ಒಂದೇ ಜೆರ್ಸಿ ತೊಡುತ್ತಾರೆ. ಸೈನಿಕ ಎಷ್ಟೇ ದೊಡ್ಡ ಆಟಗಾರನಾದರೂ ತನ್ನ ಒಕ್ಕಕ್ಕೇ ಆಡಬೇಕು, ಬೇರೆಯವರು ಅವನನ್ನು ಕೊಂಡುಕೊಳ್ಳುವಂತಿಲ್ಲ. "ಅತಿಥಿ ಆಟಗಾರ"ನ ಪಿಡುಗಿಗೆ ಇದಕ್ಕಿಂತ ಸರಳ ಮದ್ದು ನಮಗೆ ಕಂಡಿಲ್ಲ. ಪಂದ್ಯಾಟ ನಡೆಯುವುದು ಸಾಮಾನ್ಯವಾಗಿ ಏಪ್ರಿಲ್, ಮೇ ಬೇಸಿಗೆಯಲ್ಲಿ. ಯಾವ ಒಕ್ಕ ಮುಂದಿನ ವರ್ಷ ನಡೆಸುತ್ತದೆ ಎಂಬುದು ಮೊದಲೇ ಗೊತ್ತಿರುವುದರಿಂದ ಕಾಶ್ಮೀರದಲ್ಲಿರುವವನೂ ರಜೆಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.

ಆದರೆ ಕೊಡಗಿನ ಪದ್ಧತಿಯನ್ನು ಹಾಗೆಯೇ ತಂದು ರಾಂಪುರದಲ್ಲಿ ನೆಡುವುದು ಸರಿಯಲ್ಲ. ಅಲ್ಲಿ ಒಕ್ಕ ಎಂಬ ಘಟಕ ಇಡೀ ಸಮುದಾಯವನ್ನು ಒಂದುಗೂಡಿಸುತ್ತದೆ. ಮ್ಯಾಸಬೇಡರು, ಕುರುಬರು, ಲಿಂಗಾಯತರು, ದಲಿತರು, ಮುಸಲ್ಮಾನರು, ಲಂಬಾಣಿಗಳು ಎಲ್ಲರೂ ಇರುವ ಬಯಲುಸೀಮೆಯಲ್ಲಿ ಮನೆತನದ ಲೆಕ್ಕದಲ್ಲಿ ತಂಡ ಕಟ್ಟಿದರೆ ಮತ್ತೆ ಕೇರಿಯ ತಂಡವೇ ಆಗುತ್ತದೆ. ಇಲ್ಲಿ ಘಟಕ ಊರು, ಅಥವಾ ಅದಕ್ಕಿಂತ ಮೇಲು, ಹೈಸ್ಕೂಲು. ರಾಂಪುರದ ಶಾಲೆಯಲ್ಲಿ ಓದಿದ ಯಾರಾದರೂ, ಈಗ ಎಲ್ಲೇ ಕೆಲಸದಲ್ಲಿರಲಿ, ರಾಂಪುರ ತಂಡಕ್ಕೆ ಆಡಬಹುದು ಎಂಬ ಒಂದೇ ನಿಯಮ ಸಾಕು. ಆಗ ರಜೆಗೆ ಬಂದ ಯೋಧ ಹಕ್ಕಿನಿಂದ ಬರುತ್ತಾನೆ. ಯಾರ ಉಪಕಾರವೂ ಅಲ್ಲ. ಅವನನ್ನು ಬಳ್ಳಾರಿಯ ತಂಡ ಕೊಂಡುಕೊಳ್ಳುವ ಹಾಗೂ ಇಲ್ಲ.

ಇನ್ನೂ ಒಂದು ನಿಯಮ ಸೇರಿಸಬೇಕೆಂದು ನಮ್ಮ ಸೂಚನೆ. ಮೈದಾನದಲ್ಲಿರುವ ಏಳು ಮಂದಿಯಲ್ಲಿ ಸೇವೆಯಲ್ಲಿರುವ ಸೈನಿಕರು ಇಬ್ಬರಿಗಿಂತ ಹೆಚ್ಚಿರಬಾರದು. ಇದು ಅವರಿಗೆ ಅವಮಾನವಲ್ಲ, ಬದಿಯಲ್ಲಿ ಕೂರುವ ಹುಡುಗರಿಗೆ ರಕ್ಷಣೆ. ಶ್ರೀಲಂಕೆಯ ಕ್ಲಬ್ ರಗ್ಬಿಯಲ್ಲಿ ಭೂಸೇನೆ, ನೌಕಾಪಡೆ, ವಾಯುಪಡೆ, ಪೊಲೀಸ್ ಇಲಾಖೆಗಳು ತಮ್ಮವೇ ತಂಡ ಕಟ್ಟಿ ಕ್ಯಾಂಡಿ, ಹ್ಯಾವ್‌ಲಾಕ್ಸ್‌ನಂಥ ಕ್ಲಬ್ಬುಗಳ ಎದುರು ಆಡುತ್ತವೆ. ಅದೊಂದು ದಾರಿ, ಅಲ್ಲಿ ಶಾಲಾ ರಗ್ಬಿಯ ಬೇರು ಆಳವಾಗಿರುವುದರಿಂದ ಎರಡೂ ಕಡೆಗೆ ಆಟಗಾರರು ಸಿಗುತ್ತಾರೆ. ನಮ್ಮಲ್ಲಿ ಇಂದೇ ಹಾಗೆ ಮಾಡಿದರೆ ಊರ ತಂಡಗಳು 60–0ಯಿಂದ ಸೋತು ಮರುವರ್ಷ ಬರುವುದನ್ನೇ ಬಿಡುತ್ತವೆ.

ಯೋಧನ ಕಡೆಯಿಂದಲೂ ನೋಡಬೇಕು. ಅವನು ಮನೆಗೆ ಬರುವುದು ಆಟಕ್ಕಲ್ಲ. ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ 60 ದಿನದ ವಾರ್ಷಿಕ ರಜೆ, ಅಗ್ನಿವೀರನಿಗೆ 30 ದಿನ ಮಾತ್ರ. ಅಷ್ಟರಲ್ಲಿ ತಂಗಿಯ ಮದುವೆ ಮಾತುಕತೆ, ತಂದೆಯ ಕಣ್ಣಿನ ಆಪರೇಷನ್, ಹೊಲದ ಪಹಣಿ ತಕರಾರು ಎಲ್ಲ ಆಗಬೇಕು. ಕ್ಲಬ್ಬಿನಲ್ಲಿ ಆಡುವುದಕ್ಕೆ ತನ್ನ ಘಟಕದ ಮೇಲಧಿಕಾರಿಯ ಅನುಮತಿಯನ್ನೂ ಅವನು ಕೇಳಬೇಕಾಗುತ್ತದೆ. ರಜೆಯಲ್ಲಿ ಕಾಲು ಮುರಿದುಕೊಂಡು ಹಿಂದಿರುಗಿದರೆ ಅವನ ಸೇವೆಗೇ ಕುತ್ತು. ಅಗ್ನಿವೀರನಿಗಂತೂ ಮುಂದುವರಿಯುವ ನಾಲ್ವರಲ್ಲಿ ಒಬ್ಬನಾಗುವ ಆಸೆ ಆ ಕಾಲಿನ ಮೇಲೆಯೇ ನಿಂತಿದೆ. ಇದನ್ನು ಅರಿಯದೆ "ಬಾರಣ್ಣ, ಫೈನಲ್ ಒಂದು ಆಡಿಬಿಡು" ಎಂದು ಒತ್ತಾಯಿಸುವ ಸಂಘಟಕ ಅವನ ಹಿತೈಷಿಯಲ್ಲ. ಆಡಲಾರದವನು ಕಲಿಸಬಹುದು, ತೀರ್ಪುಗಾರನಾಗಬಹುದು. ತೀರ್ಪುಗಾರನನ್ನು ರೆಜಿಮೆಂಟಿನಲ್ಲಿ ಗೌರವಿಸಿ ಕಲಿತವನು ಹಳ್ಳಿಯ ಮೈದಾನದಲ್ಲಿ ಸೀಟಿ ಹಿಡಿದು ನಿಂತರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ.

ಯೋಧ ಎಂದರೆ ಗಂಡಸೇ ಎಂದು ಇನ್ನು ಬರೆಯುವಂತಿಲ್ಲ. ಮಿಲಿಟರಿ ಪೊಲೀಸ್ ದಳದ 83 ಮಹಿಳೆಯರ ಮೊದಲ ತಂಡ 2021ರ ಮೇ 8ರಂದು ಬೆಂಗಳೂರಿನಲ್ಲೇ ತರಬೇತಿ ಮುಗಿಸಿ ಹೊರಬಂತು. ರಜೆಗೆ ಬಂದ ಅಂಥ ಅಕ್ಕ ಒಬ್ಬಳು ಸಂಜೆ ಶಾಲಾ ಮೈದಾನದಲ್ಲಿ ನಿಂತರೆ, ಹುಡುಗಿಯರನ್ನು ಆಟಕ್ಕೆ ಕಳುಹಿಸಿ ಎಂದು ಮನೆಮನೆಗೆ ಹೋಗಿ ಬೇಡುವ ಕೆಲಸ ನಮ್ಮ ಸಿಸ್ಟರ್‌ಗಳಿಗೂ ಟೀಚರ್‌ಗಳಿಗೂ ಕಡಿಮೆಯಾಗುತ್ತದೆ.

ಅಪಾಯದ ಮಾತನ್ನು ಮುಚ್ಚಿಡಬಾರದು. ರಗ್ಬಿಯಲ್ಲಿ ಟ್ಯಾಕಲ್ ಇದೆ, ಅಂದರೆ ಓಡುವವನನ್ನು ಹಿಡಿದು ಕೆಡವುವುದು. ರಾಂಪುರದ ನೆಲ ಇಂಗ್ಲೆಂಡಿನ ಹುಲ್ಲಲ್ಲ, ಗಟ್ಟಿ ಕೆಮ್ಮಣ್ಣು, ಕಲ್ಲು. ಅಲ್ಲಿ ಮೊದಲ ದಿನವೇ ಕೆಡವುವ ಆಟ ಆಡಿಸುವುದು ಅಪರಾಧ. ಮುಟ್ಟಿದರೆ ಸಾಕು ಎಂಬ ಟಚ್ ಆಟದಿಂದ ಆರಂಭಿಸಿ, ಒಂದು ವರ್ಷ ಅಷ್ಟನ್ನೇ ಆಡಲಿ. ಮೈದಾನದ ಕಲ್ಲು ಹೆಕ್ಕಿ, ಕೆರೆಯ ಮರಳೋ ಹೂಳೋ ಹರಡಿದ ಮೇಲೆ ಮುಂದಿನದು. ಜಾಗತಿಕ ರಗ್ಬಿ ಸಂಸ್ಥೆ 2023ರಲ್ಲಿ ಊರ ಮಟ್ಟದ ಆಟಗಳಿಗೆ ಟ್ಯಾಕಲ್‌ನ ಎತ್ತರವನ್ನು ಎದೆಮೂಳೆಯ ಕೆಳಗೆ ಇಳಿಸಲು ಶಿಫಾರಸು ಮಾಡಿತು. ತಲೆಗೆ ತಲೆ ತಾಗುವುದನ್ನು ತಪ್ಪಿಸಲು. ಈ ವಿಷಯದಲ್ಲಿ ನಮ್ಮ ಹುಡುಗರು ಇಂಗ್ಲಿಷರಿಗಿಂತ ಮುಂದಿದ್ದಾರೆ ಎಂಬುದು ನಮ್ಮ ಅಭಿಪ್ರಾಯ. ಕಬಡ್ಡಿಯಲ್ಲಿ ಪಾದ, ತೊಡೆ, ಸೊಂಟ ಹಿಡಿದು ಬೆಳೆದವನಿಗೆ ಕತ್ತು ಹಿಡಿಯುವ ಚಾಳಿಯಿಲ್ಲ. ಆದರೆ ಮಿಲಿಟರಿಯ ತೊಂಬತ್ತು ಕಿಲೋ ಜವಾನ ಮತ್ತು ಹತ್ತನೇ ತರಗತಿಯ ಐವತ್ತು ಕಿಲೋ ಹುಡುಗ ಎದುರೆದುರು ಬರಲೇಬಾರದು. ಹದಿನೆಂಟು ದಾಟದವರು ಹಿರಿಯರ ಟ್ಯಾಕಲ್ ಆಟದಲ್ಲಿ ಆಡುವಂತಿಲ್ಲ ಎಂದು ಕ್ಲಬ್ಬಿನ ಬಾಗಿಲಿಗೇ ಬರೆದು ಹಾಕಬೇಕು. ತಲೆಗೆ ಪೆಟ್ಟಾಗಿರಬಹುದೆಂಬ ಅನುಮಾನ ಬಂದರೆ ಆಟಗಾರ ಹೊರಕ್ಕೆ, ಅವನೇ "ಏನಿಲ್ಲ" ಎಂದರೂ ಹೊರಕ್ಕೆ. ತಜ್ಞ ವೈದ್ಯರಿಗಾಗಿ ಬಳ್ಳಾರಿಗೋ ಚಿತ್ರದುರ್ಗಕ್ಕೋ ಓಡಬೇಕಾದ ಊರಿನಲ್ಲಿ ಪಂದ್ಯಾಟದ ದಿನ ಒಂದು ವಾಹನ ಚಾಲಕನ ಸಹಿತ ಮೈದಾನದ ಬದಿ ನಿಂತಿರಬೇಕು. ಕಪ್ಪಿನ ಖರ್ಚಿಗೆ ಮೊದಲು ಈ ಖರ್ಚು.

ಉಳಿದ ಖರ್ಚು ದೊಡ್ಡದಲ್ಲ. ನಾಲ್ಕಾರು ಚೆಂಡು, ಗೆರೆ ಹಾಕಲು ಸುಣ್ಣ, ಎರಡು ಬಣ್ಣದ ಜೆರ್ಸಿ. ರಾಂಪುರ, ಮೊಳಕಾಲ್ಮೂರು, ಚಳ್ಳಕೆರೆ, ಬಳ್ಳಾರಿ, ಗಡಿಯಾಚೆ ಕನ್ನಡ ಮಾತಾಡುವವರಿರುವ ಆಂಧ್ರದ ರಾಯದುರ್ಗ, ಇಷ್ಟು ಸೇರಿದರೆ ಒಂದು ಪ್ರಾದೇಶಿಕ ಸರಣಿ ಆಗುತ್ತದೆ. ಪರೀಕ್ಷಾ ವಲಯದವರನ್ನೂ ಕುದಾಪುರದ ವಿಜ್ಞಾನ ಸಂಸ್ಥೆಯವರನ್ನೂ ಒಂದು ತಂಡ ತನ್ನಿ ಎಂದು ಕೇಳಬಹುದು. ಅವರ ಗೋಡೆ ಕುರಿ ಮೇಯಿಸುವವರ ದೂರನ್ನು ಆಟ ಪರಿಹರಿಸುವುದಿಲ್ಲ. ಹುಲ್ಲಿನ ಪ್ರಶ್ನೆಗೆ ಹುಲ್ಲೇ ಉತ್ತರ. ಆದರೆ ಶನಿವಾರ ಎದುರಾಳಿಯಾಗಿ ಆಡಿದವನ ಹೆಸರು ಗೊತ್ತಿದ್ದರೆ ಸೋಮವಾರ ಅರ್ಜಿ ಹಿಡಿದು ಗೇಟಿನಲ್ಲಿ ನಿಂತವನ ಮಾತಿಗೆ ಕಿವಿಗೊಡುವುದು ಸ್ವಲ್ಪ ಸುಲಭ.

ಮೊಳಕಾಲ್ಮೂರು ಸೀಮೆ ಶಿವಮೊಗ್ಗ ಧರ್ಮಪ್ರಾಂತ್ಯದ ವ್ಯಾಪ್ತಿಯದು. ಅಲ್ಲಿ ಕ್ರೈಸ್ತರ ಸಂಖ್ಯೆ ಸಣ್ಣದು. ಆದರೂ ಕರಾವಳಿಯಿಂದ ಬಯಲುಸೀಮೆಗೆ ಹೋಗಿ ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವ ಗುರುಗಳೂ ಸಿಸ್ಟರ್‌ಗಳೂ ಈ ಪುಟವನ್ನು ಓದುತ್ತಾರೆಂದು ನಮಗೆ ಗೊತ್ತು. ಅವರಲ್ಲಿ ಒಂದು ವಿನಂತಿ: ಕ್ಲಬ್ಬಿಗೆ ಸಂತರ ಹೆಸರಿಡುವ ಆಸೆ ಬೇಡ. ಊರ ಹೆಸರೇ ಇರಲಿ, ಅಧ್ಯಕ್ಷರು ಊರವರೇ ಆಗಲಿ. ನಮ್ಮಲ್ಲಿ ಅಂಗಳವಿದ್ದರೆ ಕೊಡೋಣ, ಬೀಗದ ಕೈ ಅವರ ಬಳಿಯೇ ಇರಲಿ. ಕರಾವಳಿಯಲ್ಲಿ ಐಸಿವೈಎಂ ಘಟಕಗಳು ಪ್ರತಿ ವರ್ಷ ಕ್ರಿಕೆಟ್, ವಾಲಿಬಾಲ್, ಹಗ್ಗಜಗ್ಗಾಟ ನಡೆಸುತ್ತವೆ. ಅವುಗಳ ನಿಯಮಾವಳಿಯಲ್ಲಿ ರಜೆಗೆ ಬಂದ ಸ್ವಂತ ಚರ್ಚಿನ ಸೈನಿಕನನ್ನು ಹೊರಗಿಡುವ ಸಾಲೇನಾದರೂ ಇದೆಯೇ ಎಂದು ಈ ಸಲ ಒಮ್ಮೆ ಓದಿ ನೋಡಲಿ. ನಮ್ಮದರಲ್ಲಿ ಇತ್ತೆಂದು ಮೇಲೆ ಹೇಳಿದ್ದೇವೆ.

ಕಾಲದ ವಿಷಯ ಒಂದು ಉಳಿಯಿತು. ರಾಂಪುರದ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಹೊರಗೆ ಕಾಲಿಡಲಾಗದು. ಜೂನ್, ಜುಲೈಯಲ್ಲಿ ಬಿತ್ತನೆ. ಅಕ್ಟೋಬರ್, ನವೆಂಬರಿನಲ್ಲಿ ಶೇಂಗಾ ಕೀಳುವ ಕೆಲಸ, ಮನೆಯ ಒಂದಾಳೂ ಬಿಡುವಿರುವುದಿಲ್ಲ. ಪಂದ್ಯಾಟಕ್ಕೆ ತಕ್ಕ ಕಾಲ ಡಿಸೆಂಬರಿನಿಂದ ಫೆಬ್ರವರಿ, ಹೆಚ್ಚೆಂದರೆ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯವರೆಗೆ. ಜಾತ್ರೆಗೆ ಹೇಗೂ ಬರಬೇಕೆಂದಿರುವ ಯೋಧ ಒಂದು ವಾರ ಮುಂಚೆ ಬಂದರೆ ಎರಡೂ ಆಗುತ್ತದೆ. ಆದರೆ ಘಟಕಗಳಲ್ಲಿ ರಜೆಯ ಪಾಳಿ ತಿಂಗಳುಗಳ ಮೊದಲೇ ನಿಗದಿಯಾಗುತ್ತದೆ. ಎರಡು ವಾರ ಮುಂಚೆ ಬ್ಯಾನರ್ ಕಟ್ಟುವ ನಮ್ಮ ಅಭ್ಯಾಸ ಅವನಿಗೆ ಉಪಯೋಗವಿಲ್ಲ. ಜನವರಿಯ ಪಂದ್ಯಾಟದ ದಿನಾಂಕ ಭಾದ್ರಪದದ ಗೌರಸಮುದ್ರ ಮಾರಮ್ಮನ ಜಾತ್ರೆಯ ಹೊತ್ತಿಗೇ ಗೊತ್ತಾಗಿರಬೇಕು. ಆಗ ಊರಿಗೆ ಬಂದವನು ಹಿಂದಿರುಗುವಾಗ ಆ ದಿನಾಂಕ ಬರೆದ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಬಸ್ಸು ಹತ್ತುತ್ತಾನೆ.